ಮರಳಿನಲ್ಲಿ ಬದಲಿ ಇಲ್ಲ

"ನನ್ನ ಅರವತ್ತೆಂಟು ವರ್ಷದಾಗ ನಾ ಒಂದ್ ನಿಮಿಷ ತಡಾ ಮಾಡಿದ್ದನ್ನ ಯಾರರೆ ತೋರಿಸ್ರಿ, ಈ ಮೀಸಿ ಬೋಳಿಸಿ ನಿಮ್ಮ ಕೈಯಾಗ ಇಡ್ತೀನಿ!"

ಹೀಗೆಂದು ಸಂಗನಬಸಪ್ಪನವರು ಚಿಕಾಗೋ ಹತ್ತಿರದ ಬೋಲಿಂಗ್‌ಬ್ರೂಕ್‌ನ ತಮ್ಮ ಮನೆಯ ಬೇಸ್‌ಮೆಂಟಿನಲ್ಲಿ, ಕನ್ನಡ ಕೂಟದ ಪಿಕ್ನಿಕ್ ಸಭೆಯಲ್ಲಿ, ಮೇಜು ಗುದ್ದಿ ಘೋಷಿಸಿದರು. ಆ ಮೀಸೆ ಸಾಮಾನ್ಯದ್ದಲ್ಲ. ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಅದನ್ನು ಬೇರೆ ಟ್ರೇನಲ್ಲಿ ಇಡಿ ಎಂದಿದ್ದರಂತೆ. ಎಡಗೈಯಲ್ಲಿ ಮದುವೆಯಲ್ಲಿ ಮಾವ ಕೊಟ್ಟ ಕೈಗಡಿಯಾರ. ಅದನ್ನು ನೋಡಿಕೊಂಡೇ ಸೂರ್ಯ ಹುಟ್ಟುತ್ತಾನೆ ಎಂದು ಅವರಾಗಿ ಹೇಳಿದವರಲ್ಲ. ಯಾರಾದರೂ ಹಾಗೆಂದರೆ ಅಲ್ಲಗಳೆದವರೂ ಅಲ್ಲ.

ಸಭೆಯ ವಿಷಯ ಕಪ್ಪು, ಅಂದರೆ ಟ್ರೋಫಿ. ಚಿಕಾಗೋ ಕೂಟಕ್ಕೂ ಡೆಟ್ರಾಯ್ಟ್ ಕೂಟಕ್ಕೂ ಬೇಸಿಗೆಯ ಪಿಕ್ನಿಕ್ಕಿನಲ್ಲಿ ಒಂದು ವಾಲಿಬಾಲ್ ಪಂದ್ಯ ನಡೆಯುತ್ತದೆ. ಗೆದ್ದವರಿಗೆ ಬೆಳ್ಳಿಯ ಬಣ್ಣದ ಒಂದು ಕಪ್ಪು. ಅದು ಯಾರದೋ ಗೃಹಪ್ರವೇಶಕ್ಕೆ ಬಂದು, ಯಾರಿಗೂ ಬೇಡವಾಗಿ, ಕೂಟದ ಪಾಲಾದದ್ದು. ಆದರೂ ಅದಕ್ಕಾಗಿ ಎರಡು ಊರಿನ ಗಂಡಸರು ಒಬ್ಬರ ಮನೆಯ ಊಟವನ್ನು ಒಬ್ಬರು ಬಿಟ್ಟದ್ದುಂಟು. ಕಳೆದ ಮೂರು ವರ್ಷಗಳಿಂದ ಕಪ್ಪು ಡೆಟ್ರಾಯ್ಟಿನವರ ಬಳಿಯೇ ಇತ್ತು. ಈ ಸಲ ಎರಡೂ ಕೂಟಕ್ಕೆ ನಡುದಾರಿ ಎಂದು ಮಿಷಿಗನ್ ಸರೋವರದ ಆಚೆ ದಡದ ಸೇಂಟ್ ಜೋಸೆಫ್ ಬೀಚನ್ನು ಆರಿಸಿದ್ದರು. ನಡುದಾರಿ ಅದಲ್ಲ, ಡೆಟ್ರಾಯ್ಟಿನವರಿಗೆ ಒಂದು ತಾಸು ಹೆಚ್ಚು ಡ್ರೈವ್. ಆದರೆ ನೆಲ ತಮ್ಮ ರಾಜ್ಯದ್ದು ಎಂಬ ಹೆಮ್ಮೆಗೆ ಅವರು ಒಪ್ಪಿದ್ದರು.

"ಡೆಟ್ರಾಯ್ಟ್ ಮಂದಿ ಎಂದೂ ವ್ಯಾಳ್ಯಾಕ್ಕ ಬಂದವರಲ್ಲ," ಎಂದು ಸಂಗನಬಸಪ್ಪನವರು ಮೀಸೆ ತಿರುವಿದರು. "ಅದಕ್ಕ ನಾನ ಹೊಸಾ ರೂಲ್ ಹಾಕ್ಸೀನಿ. ಹತ್ತಕ್ಕ ಸರಿಯಾಗಿ ಯಾವ ಟೀಮು ಅಂಕಣದಾಗ ನಿಂತಿರೂದಿಲ್ಲೋ, ಆ ಟೀಮು ಸೋತಂಗ. ಕಪ್ಪು ಎದುರಿನವರಿಗೆ. ನಾವು ಒಂಬತ್ತೂವರಿಗೇ ಅಲ್ಲಿರತೀವಿ."

ಚಪ್ಪಾಳೆ ಬಿತ್ತು. ಹಿಂದಿನ ಸಾಲಿನಿಂದ ಉದ್ದನೆಯ ಕೈಯೊಂದು ಮೇಲೆದ್ದಿತು. ಬೇಸ್‌ಮೆಂಟಿನ ಚಾವಣಿ ತಗ್ಗು; ಆ ಕೈ ನೇರವಾಗಿ ಹೋಗಿ ಬಲ್ಬಿಗೆ ತಾಗಿತು.

"ಅಂಕಲ್, ನಾ ವಾಲಿಬಾಲ್ ಆಡ್ತೀನ್ರಿ."

ಸಭೆ ತಿರುಗಿ ನೋಡಿತು. ಕೈ ಎತ್ತಿದವಳು ಲಿಂಗವ್ವ, ಶಿವಕ್ಕನ ಚೀನಾ ಸೊಸೆ.

"ನೀ ಥ್ರೋಬಾಲ್ ಆಡವಾ, ತಂಗಿ. ಹೆಣ್ಣಮಕ್ಕಳು ಅಲ್ಲಿ ಹುಲ್ಲಿನ ಮ್ಯಾಲೆ ಆಡ್ತಾರ. ನಿನ್ನ ಮೊಳಕಾಲು ಮೊದಲ ಸರಿ ಇಲ್ಲ."

"ಆತ್ರಿ ಅದು. ಇನ್ನೊಂದ್ ಮಾತು, ಅಂಕಲ್. ಅಲ್ಲೆ ಮಿಷಿಗನ್‌ದಾಗ ಟೈಮು..."

"ನನಗ ಟೈಮ್ ಹೇಳಾಕ ಬಂದೀಯೇನವಾ?" ಸಂಗನಬಸಪ್ಪನವರು ಕೈಗಡಿಯಾರವನ್ನು ದೇವರ ಪಲ್ಲಕ್ಕಿಯಂತೆ ಎತ್ತಿ ತೋರಿಸಿದರು. ಸಭೆ ಗೊಳ್ಳೆಂದು ನಕ್ಕಿತು. ಲಿಂಗವ್ವ ಕೈ ಇಳಿಸಿದಳು. ಅವಳು ನಗಲಿಲ್ಲ.

ಅವಳ ಅಸಲು ಹೆಸರು ಫಾಂಗ್ ಯಾನ್‌ಲಿಂಗ್. ಬಾದಾಮಿ ಕಡೆಯ ಶಿವಕ್ಕನ ಬಾಯಲ್ಲಿ ಆ ಹೆಸರಿನ ಮುಂಭಾಗ ನಿಲ್ಲಲಿಲ್ಲ. ಕೊನೆಯದು ಮಾತ್ರ ತವರಿನದೇ ಅನ್ನಿಸಿತು. "ನಮ್ಮ ಮನಿತನದಾಗ ಪ್ರತಿ ತಲಿಮಾರಿಗೂ ಒಬ್ಬಾಕಿ ಲಿಂಗವ್ವ ಇದ್ದ ಇರ್ತಾಳ. ಈ ತಲಿಮಾರಿನಾಗ ಜಾಗಾ ಖಾಲಿ ಇತ್ತು," ಎಂದು ಶಿವಕ್ಕ ಸೊಸೆ ಬಂದ ಮೊದಲ ದಿನವೇ ಆ ಜಾಗ ತುಂಬಿಬಿಟ್ಟಿದ್ದಳು. ಅತ್ತೆಗೆ ಇಂಗ್ಲಿಷ್ ಬಾರದು, ಚೀನೀ ಭಾಷೆಯಂತೂ ಕೇಳಬೇಡಿ. ಆದ್ದರಿಂದ ಸೊಸೆಯೇ ಕನ್ನಡ ಕಲಿತಳು, ಅದೂ ರೊಟ್ಟಿ ಬಡಿಯುವ ಕಲ್ಲಿನ ಮುಂದೆ. ಹೀಗಾಗಿ ಅವಳ ಕನ್ನಡಕ್ಕೆ ಬಾದಾಮಿಯ ಬಂಡೆಯ ಗಡಸು ಬಂದಿತ್ತು. ಬೆಂಗಳೂರು, ಮೈಸೂರಿನ ಡಾಕ್ಟರು ಎಂಜಿನಿಯರುಗಳು ತಮ್ಮ ಮಕ್ಕಳೊಡನೆ ಇಂಗ್ಲಿಷಿನಲ್ಲಿ ಗೋಗರೆಯುತ್ತಿರುವಾಗ, ಈ ಆರಡಿ ಎತ್ತರದ ಚೀನಾದ ಹೆಣ್ಣು "ಯಾಕ್ರೀ, ಉಂಡ್ರೇನು?" ಎಂದು ಬಂದು ನಿಂತರೆ ಎಷ್ಟೋ ಜನ ತಟ್ಟೆ ಕೆಳಗಿಟ್ಟು ಕಣ್ಣುಜ್ಜಿಕೊಂಡಿದ್ದಾರೆ.

ಷಾನ್‌ಡೊಂಗ್ ಪ್ರಾಂತ್ಯದ ಕಡಲ ದಂಡೆಯಲ್ಲಿ ಅವಳ ಅಪ್ಪ ಕಡಲ ಸೊಪ್ಪನ್ನು ಒಣಗಿಸಿ ಮಾರುವವನು. ಒಂದೊಂದು ಎಲೆ ಎರಡಾಳುದ್ದ, ಒದ್ದೆಯಾದರೆ ಎಮ್ಮೆಯ ಕರುವಿನಷ್ಟು ಭಾರ. ಅದನ್ನು ಹೆಗಲ ಮೇಲೆ ಹೊತ್ತು ಮರಳಿನಲ್ಲಿ ಓಡುವುದು ಮಗಳ ಕೆಲಸ. ಹನ್ನೆರಡಕ್ಕೇ ಅವಳು ಅಪ್ಪನಿಗಿಂತ ಎತ್ತರ ಬೆಳೆದಳು. ಸುದ್ದಿ ತಿಳಿದು ಕ್ರೀಡಾಶಾಲೆಯವರು ಟೇಪು ಹಿಡಿದು ಬಂದರು. ಮಣಿಕಟ್ಟು ಅಳೆದರು, ಹಿಮ್ಮಡಿ ಅಳೆದರು, ತಾಯಿಯ ಎತ್ತರ ಕೇಳಿದರು, ಸತ್ತುಹೋದ ಅಜ್ಜಿಯ ಎತ್ತರವನ್ನೂ ಕೇಳಿದರು. ಹೆಣ್ಣು ನೋಡಲು ಬಂದ ಬೀಗರೂ ಅಷ್ಟು ವಿಚಾರಿಸುವುದಿಲ್ಲ. ಸಂಜೆಯ ಹೊತ್ತಿಗೆ ಹುಡುಗಿ ಬಸ್ಸು ಹತ್ತಿ ಹೋಗಿಯಾಗಿತ್ತು.

ಒಳಾಂಗಣದ ವಾಲಿಬಾಲ್ ತಂಡದಲ್ಲಿ ಅವಳು ಆಡಿದ್ದಕ್ಕಿಂತ ಬೆಂಚಿನ ಮೇಲೆ ಕೂತದ್ದೇ ಹೆಚ್ಚು. ಕೋಚು ಒಂದು ಬೆರಳು ಎತ್ತಿದರೆ ಒಳಗೆ, ಇನ್ನೊಂದು ಬೆರಳು ಎತ್ತಿದರೆ ಹೊರಗೆ. ಚೆನ್ನಾಗಿ ಆಡುತ್ತಿದ್ದಾಗಲೇ ಬೆರಳು ಏಳುವುದು ವಾಡಿಕೆ. ಅಷ್ಟರಲ್ಲಿ ಮರಳಿನ ಮೇಲೆ ಆಡುವ ಬೀಚ್ ವಾಲಿಬಾಲಿಗೆ ಹೊಸ ತಂಡ ಕಟ್ಟುತ್ತೇವೆಂದರು. ಬಿಸಿಲಿಗೆ ಬಣ್ಣ ಕೆಡುತ್ತದೆ, ಕಣ್ಣಿಗೆ ಮರಳು ಬೀಳುತ್ತದೆ ಎಂದು ಗೆಳತಿಯರೆಲ್ಲ ಹಿಂದೆ ಸರಿದರು. ಯಾನ್‌ಲಿಂಗ್ ನಿಯಮ ಕೇಳಿದಳು. ತಂಡಕ್ಕೆ ಇಬ್ಬರೇ. ಬೆಂಚು ಇಲ್ಲ. ಬದಲಿ ಆಟಗಾರರೂ ಇಲ್ಲ. ಒಮ್ಮೆ ಆಟಕ್ಕಿಳಿದರೆ, ಗೆಲ್ಲಲಿ ಸೋಲಲಿ, ಮುಗಿಯುವ ತನಕ ಯಾವ ದೊಡ್ಡ ಮನುಷ್ಯನೂ ಬೆರಳೆತ್ತಿ ಹೊರಗೆ ಕರೆಯುವಂತಿಲ್ಲ. ಆ ಒಂದು ನಿಯಮ ಕೇಳಿದವಳೇ ಅವಳು ಮರಳನ್ನು ಮದುವೆಯಾದಳು ಎನ್ನಬೇಕು. ಶಿವಕ್ಕನ ಮಗ ವೀರೇಶ್ ಏನಿದ್ದರೂ ಎರಡನೆಯ ಸಂಬಂಧ.

ಷಾವ್‌ಮೆಯ್ ಎಂಬ ಜೊತೆಗಾತಿಯೊಂದಿಗೆ ಅವಳು ಪ್ರಪಂಚ ಸುತ್ತಿದಳು. ಆದರೆ ಯಾವ ದೇಶದ ಸುದ್ದಿ ಕೇಳಿದರೂ ಅವಳು ಹೇಳುವುದು ಮರಳಿನ ಸುದ್ದಿ. ಬ್ರೆಜಿಲ್‌ನದು ಸಣ್ಣ ರವೆ. ಸ್ವಿಟ್ಜರ್‌ಲ್ಯಾಂಡಿನದು ಲಾರಿಯಲ್ಲಿ ತಂದು ಸುರಿದದ್ದು, ನಡುನಡುವೆ ಕಲ್ಲು. ಪೋಲೆಂಡಿನದು ಮಳೆ ಬಿದ್ದು ಉಪ್ಪಿಟ್ಟಾಗಿತ್ತು. ಆ ಉಪ್ಪಿಟ್ಟಿನ ಮೇಲೆಯೇ ಅವರಿಗೆ ಮೂರನೆಯ ಸ್ಥಾನ ಬಂತು. ಅದರ ಫೋಟೋ ಈಗ ಬೋಲಿಂಗ್‌ಬ್ರೂಕ್ ಮನೆಯ ಬಟ್ಟೆ ಒಗೆಯುವ ಕೋಣೆಯಲ್ಲಿ, ಸೋಪಿನ ಡಬ್ಬಿಯ ಮೇಲೆ ತೂಗುತ್ತದೆ.

ಮೊಣಕಾಲು ಹರಿದದ್ದು ಆಮೇಲೆ. ಶಸ್ತ್ರಚಿಕಿತ್ಸೆ ಆಯಿತು. ಅವಳು ಮತ್ತೆ ನಡೆದಳು, ಓಡಿದಳು, ಹಾರಿದಳು, ಒಂದು ಪಂದ್ಯ ಆಡಿದಳು, ಗೆದ್ದಳು. ದೊಡ್ಡ ರಾಷ್ಟ್ರೀಯ ಕ್ರೀಡಾಕೂಟ ಹತ್ತಿರದಲ್ಲಿತ್ತು. ಒಂದು ಬೆಳಿಗ್ಗೆ ಅಭ್ಯಾಸಕ್ಕೆ ಬಂದರೆ ಅವಳ ನಂಬರಿನ ಅಂಗಿ ಇನ್ನೊಬ್ಬ ಹುಡುಗಿಯ ಬೆನ್ನ ಮೇಲಿತ್ತು. ಹಿಂದಿನ ಸಂಜೆ ನಾಲ್ಕೈದು ಜನ ಗಂಡಸರು ಚಹಾ ಕುಡಿಯುತ್ತಾ ಒಪ್ಪಿಕೊಂಡುಬಿಟ್ಟಿದ್ದರು. ಆಟದ ನಡುವೆ ತೆಗೆಯುವಂತಿಲ್ಲವಲ್ಲ, ಆಟಕ್ಕೆ ಮೊದಲೇ ತೆಗೆದರು. ಅಧಿಕಾರಿಯೊಬ್ಬ ಒಂದು ಹೂಗುಚ್ಛ, ಒಂದು ಬಿಸಿನೀರಿನ ಫ್ಲಾಸ್ಕ್ ಕೊಟ್ಟು, "ನಿನ್ನ ಸಮಯ ಮುಗಿಯಿತಮ್ಮಾ" ಎಂದ. ಅವಳಿಗೆ ಆಗ ಇಪ್ಪತ್ತೆಂಟು. ಫ್ಲಾಸ್ಕ್ ಗಟ್ಟಿಮುಟ್ಟಾದದ್ದು, ಈಗಲೂ ಶಿವಕ್ಕನ ಕಷಾಯಕ್ಕೆ ಬಳಕೆಯಾಗುತ್ತದೆ. ಮಾತು ಮಾತ್ರ ಒಳಗೆಲ್ಲೋ ಮುಳ್ಳಿನಂತೆ ಉಳಿಯಿತು. ತಾನು ಆಡಿದ ಕೊನೆಯ ಆಟ, ಆಡುವಾಗ, ಕೊನೆಯದೆಂದು ಅವಳಿಗೇ ಗೊತ್ತಿರಲಿಲ್ಲ.

ಡೆಟ್ರಾಯ್ಟ್ ಕಡೆಗೆ ಫಿಸಿಯೋಥೆರಪಿ ಓದಲು ಬಂದಳು, ನೊವೈ ಊರಿನ ಕ್ಲಿನಿಕ್ಕಿನಲ್ಲಿ ಕೆಲಸಕ್ಕೆ ಸೇರಿದಳು. ಡ್ರೈವ್‌ವೇಯ ಹಿಮ ಎತ್ತಲು ಹೋಗಿ ಸೊಂಟ ಹಿಡಿಸಿಕೊಂಡ ಕಾರು ಎಂಜಿನಿಯರು ವೀರೇಶ್ ಅಲ್ಲಿಗೆ ಮಡಚಿದ ಕೊಡೆಯಂತೆ ಬಂದ. ಅವನ ಬೆನ್ನು ನೆಟ್ಟಗಾಗುವ ಹೊತ್ತಿಗೆ ಕೊರಳು ಮಾಲೆಗೆ ಬಗ್ಗಿತ್ತು. ಮುಂದೆ ಅವನಿಗೆ ಡೌನರ್ಸ್ ಗ್ರೋವ್‌ನಲ್ಲಿ ಕೆಲಸ ಸಿಕ್ಕಿ ಸಂಸಾರ ಬೋಲಿಂಗ್‌ಬ್ರೂಕಿಗೆ ಬಂತು. ಈಗ ಅವಳಿಗೆ ನಲವತ್ತೊಂದು. ದಿನವೆಲ್ಲ ಬೇರೆಯವರ ಮೊಣಕಾಲು ಮಡಚಿ ಬಿಡಿಸುತ್ತಾಳೆ. ಆದರೆ ಆಸೆ ಒಂದೇ ಉಳಿದಿತ್ತು: ಒಂದು ಆಟ, ಪೂರಾ ಒಂದು ಆಟ, ಯಾರೂ ಕೈಬೀಸಿ ಹೊರಗೆ ಕರೆಯದ ಹಾಗೆ, ಕೊನೆಯ ಚೆಂಡಿನ ತನಕ ಆಡಬೇಕು. ನಿಲ್ಲಿಸುವುದಾದರೆ ನಿಲ್ಲಿಸುವವಳು ತಾನೇ ಆಗಬೇಕು.

ಥ್ರೋಬಾಲಿನಲ್ಲಿ ಆ ಆಸೆ ತೀರುವ ಹಾಗಿರಲಿಲ್ಲ. ಥ್ರೋಬಾಲ್ ನಮ್ಮ ಶಾಲೆಯ ಹುಡುಗಿಯರ ಆಟ: ಚೆಂಡನ್ನು ಎರಡೂ ಕೈಯಲ್ಲಿ ಹಿಡಿಯಬೇಕು, ಬಲೆಯಾಚೆ ಎಸೆಯಬೇಕು, ಹೊಡೆದರೆ ತಪ್ಪು. ವಾಲಿಬಾಲಿನಲ್ಲಿ ಸರಿಯಾಗಿ ಉಲ್ಟಾ: ಹೊಡೆಯಬೇಕು, ಹಿಡಿದರೆ ತಪ್ಪು. ಲಿಂಗವ್ವನ ಕೈಗಳು ಮೂವತ್ತು ವರ್ಷಗಳಲ್ಲಿ ಒಂದು ಚೆಂಡನ್ನೂ ಹಿಡಿದವಲ್ಲ. ಹಿಂದಿನ ವರ್ಷ ಲೊಂಬಾರ್ಡಿನ ಪಾರ್ಕಿನಲ್ಲಿ ಥ್ರೋಬಾಲ್ ಕ್ಯಾಪ್ಟನ್ ಸುಹಾಸಿನಿ, ಮೈಸೂರಿನವರು, ಹೃದಯದ ಡಾಕ್ಟರು, "ಹಿಡ್ಕೊಳ್ಳಿ ಲಿಂಗವ್ವ, ಹಿಡ್ಕೊಳ್ಳಿ! ಹೊಡೀಬೇಡಿ!" ಎಂದು ಕೂಗುವಷ್ಟರಲ್ಲಿ ಚೆಂಡು ಸಿಡಿದು, ಎರಡು ಮರ ದಾಟಿ, ಬಿಸಿಬೇಳೆಬಾತಿನ ಟ್ರೇ ನಡುವೆ ಇಳಿದಿತ್ತು. ಊಟಕ್ಕೆ ಬಂದಿದ್ದ ಇನ್ನೂರು ಜನರಲ್ಲಿ ನೂರೈವತ್ತು ಜನರ ಅಂಗಿಯ ಮೇಲೆ ಬಾತು, ಉಳಿದ ಐವತ್ತು ಜನರ ಮೇಲೆ ಬೂಂದಿ. ಅಂದಿನಿಂದ ಅವಳನ್ನು ಅಂಕ ಬರೆಯಲು ಕೂರಿಸುತ್ತಿದ್ದರು. ಮತ್ತೆ ಬೆಂಚು.

ಪಿಕ್ನಿಕ್ಕಿನ ದಿನ ಬಂತು. ವೀರೇಶ್ ಕಂಪನಿಯ ಕೆಲಸಕ್ಕೆ ಮೆಕ್ಸಿಕೋಗೆ ಹೋಗಿದ್ದ. ಚಿಕಾಗೋ ಕೂಟದವರೆಲ್ಲ ಒಟ್ಟಾಗಿ ಹೊರಡಬೇಕೆಂದು, ಮುಂದೆ ಸಂಗನಬಸಪ್ಪನವರ ವ್ಯಾನು, ಹಿಂದೆ ಉಳಿದ ಕಾರುಗಳೆಂದು ಅಪ್ಪಣೆಯಾಗಿತ್ತು. ಲಿಂಗವ್ವ ಮಾತ್ರ ಅತ್ತೆಯನ್ನೂ ರೊಟ್ಟಿಯ ಗಂಟನ್ನೂ ಕಾರಿನಲ್ಲಿ ಹಾಕಿಕೊಂಡು ಮೊದಲೇ ಹೊರಟಳು. ಮೆರವಣಿಗೆ ಎಂದರೆ ತಲೆನೋವು ಎನ್ನುವ ಸುಹಾಸಿನಿ ಅವಳ ಕಾರಿಗೇ ಬಂದರು.

ಸೇಂಟ್ ಜೋಸೆಫ್ ಬೀಚಿನಲ್ಲಿ ಡೆಟ್ರಾಯ್ಟ್ ಕೂಟ ಎಂದಿಲ್ಲದ ಶಿಸ್ತಿನಲ್ಲಿ ಆಗಲೇ ನೆರೆದಿತ್ತು. ಹೊಸ ರೂಲು ಅವರಿಗೆ ಅಷ್ಟು ಉರಿ ಹತ್ತಿಸಿತ್ತು. ಆರು ಗಂಡಸರು ಒಂದೇ ಬಣ್ಣದ ಅಂಗಿ ತೊಟ್ಟು ಬಲೆಯ ಒಂದು ಬದಿಯ ಮರಳಿನಲ್ಲಿ ನಿಂತಿದ್ದರು. ಇನ್ನೊಂದು ಬದಿಯಲ್ಲಿ ಒಂದು ಸೀಗಲ್ ಹಕ್ಕಿ ಬಿಟ್ಟರೆ ಯಾರೂ ಇಲ್ಲ. ಅವರ ಕ್ಯಾಪ್ಟನ್ ದ್ವಾರಕಾನಾಥ, ಬೆಂಗಳೂರಿನವರು, ಫೋನು ಎತ್ತಿ ಹಿಡಿದರು.

"ಹತ್ತಾಯ್ತು. ಚಿಕಾಗೋ ಟೀಮ್ ಎಲ್ಲಿ? ಸಂಗನಬಸಪ್ಪ ಸಾರ್ ರೂಲು, ನಮ್ದಲ್ಲಪ್ಪಾ. ಕಪ್ಪು ಪ್ಯಾಕ್ ಮಾಡ್ರೋ!"

ಸುಹಾಸಿನಿ ಫೋನ್ ಮಾಡಿದರು. ಸಂಗನಬಸಪ್ಪನವರು ಗಾಡಿ ಓಡಿಸುವಾಗ ಫೋನು ಎತ್ತುವುದಿಲ್ಲ; ಅದೂ ಒಂದು ಶಿಸ್ತು. "ಅಯ್ಯೋ, ಎಲ್ಲಿ ಹೋದ್ರು ಇವರು? ಒಂಬತ್ತೂವರೆಗೇ ಇರ್ತೀವಿ ಅಂದಿದ್ರಲ್ಲ!"

"ಒಂಬತ್ತೂವರಿಗೇ ಬರ್ತಾರ್ರಿ," ಎಂದಳು ಲಿಂಗವ್ವ. "ಅವರ ವಾಚಿನ ಒಂಬತ್ತೂವರಿಗೆ. ಇಂಡಿಯಾನಾ ದಾಟಿ ಮಿಷಿಗನ್ ಗಡಿ ಬಂತಂದ್ರ ಟೈಮು ಒಂದ್ ತಾಸು ಮುಂದ. ಸಭಾದಾಗ ಹೇಳಾಕ ಹೋದೆ. ಬಾಯಿ ಮುಚ್ಚಿಸಿದ್ರು."

ಹೇಳಿದವಳೇ ಚಪ್ಪಲಿ ಬಿಟ್ಟಳು. ಮೊಣಕಾಲಿಗೆ ಪಟ್ಟಿ ಬಿಗಿದಳು. ಅಂಕಣಕ್ಕೆ ಇಳಿದು ಸೀಗಲ್ ಓಡಿಸಿ ನಿಂತಳು. ಅಂಗಾಲಿನಿಂದ ಮರಳನ್ನು ಒಮ್ಮೆ ಒತ್ತಿ ನೋಡಿದಳು. ಮೇಲೆ ಒಣಗಿದ ರವೆ, ಕೆಳಗೆ ತಂಪು. ಪರವಾಗಿಲ್ಲ.

"ಚಿಕಾಗೋ ಬಂದೈತ್ರಿ," ಎಂದಳು.

ದ್ವಾರಕಾನಾಥ ನಕ್ಕರು. "ಒಬ್ಬರೇನಾ?"

"ಡಾಕ್ಟರ್, ಬರ್ರಿ."

"ನಾನಾ? ನಾನು ಥ್ರೋಬಾಲ್ ಕಣ್ರೀ!" ಎಂದರೂ ಸುಹಾಸಿನಿ ಚಪ್ಪಲಿ ಬಿಟ್ಟರು. ಡೆಟ್ರಾಯ್ಟಿನವರು ಮೊಬೈಲು ಎತ್ತಿ ಫೋಟೋ ತೆಗೆಯುತ್ತಾ ಹಲ್ಲು ಕಿರಿಯುತ್ತಿದ್ದುದು ಅವರಿಗೆ ಹಿಡಿಸಿರಲಿಲ್ಲ.

"ನೋಡಿ ಮೇಡಂ, ಟೀಮ್ ಅಂದ್ರೆ ಆರು ಜನ," ಎಂದರು ದ್ವಾರಕಾನಾಥ.

"ಆರಕ್ಕಿಂತ ಹೆಚ್ಚು ಇರಬಾರ್ದು ಅಂತೈತ್ರಿ ರೂಲು. ಕಡಿಮಿ ಇರಬಾರ್ದು ಅಂತ ಎಲ್ಲೈತಿ?"

ಎಲ್ಲೂ ಇರಲಿಲ್ಲ. ಕನ್ನಡಿಗರ ಪಿಕ್ನಿಕ್ಕಿನಲ್ಲಿ ಜನ ಕಡಿಮೆಯಾದಾರು ಎಂದು ರೂಲು ಬರೆದವರು ಕನಸಿನಲ್ಲೂ ಎಣಿಸಿರಲಿಲ್ಲ.

"ಸರಿ, ನಾವೂ ಇಬ್ಬರೇ ಬರ್ತೀವಿ ಬಿಡಿ ಪಾಪ," ಎಂದು ದ್ವಾರಕಾನಾಥ ದೊಡ್ಡಸ್ತಿಕೆ ತೋರಿಸಿದರು.

"ಬ್ಯಾಡ್ರಿ. ಆರೂ ಮಂದಿ ಬರ್ರಿ. ಆಮ್ಯಾಲ ಪಾಪ ಅನ್ನಾಕ ಆಗಬಾರದು."

ಮೊದಲ ಚೆಂಡು ಸುಹಾಸಿನಿಯ ಕಡೆಗೆ ಬಂತು. ಅವರು ಅದನ್ನು ಬಲು ಅಚ್ಚುಕಟ್ಟಾಗಿ ಎರಡೂ ಕೈಯಲ್ಲಿ ಹಿಡಿದುಕೊಂಡರು. ಡೆಟ್ರಾಯ್ಟಿಗೆ ಒಂದು ಅಂಕ. ಎರಡನೆಯದನ್ನೂ ಹಿಡಿದರು. ಮೂರನೆಯದನ್ನು ಹಿಡಿಯಬಾರದೆಂದು ಬಾಯಲ್ಲಿ ಜಪಿಸುತ್ತಲೇ ಹಿಡಿದರು.

"ನನ್ ಕೈ ನನ್ ಮಾತೇ ಕೇಳ್ತಿಲ್ಲ ಕಣ್ರೀ! ಏಳನೇ ಕ್ಲಾಸಿನಿಂದ ಹಿಡಿದಿರೋ ಕೈ ಇದು!"

"ಅತ್ತೀ, ರೊಟ್ಟಿ ಗಂಟಿನ ಅರಬಿ ತರ್ರಿ," ಎಂದು ಲಿಂಗವ್ವ ಕೂಗಿದಳು.

ಕುರ್ಚಿಯಲ್ಲಿ ಕೂತಿದ್ದ ಶಿವಕ್ಕ ರೊಟ್ಟಿ ಕಟ್ಟಿದ ಬಟ್ಟೆ ಬಿಚ್ಚಿಕೊಂಡು ಬಂದಳು. ಸುಹಾಸಿನಿಯ ಎರಡು ಮಣಿಕಟ್ಟನ್ನೂ ಜೋಡಿಸಿ, ಎಳೆಗರುವಿಗೆ ಕಟ್ಟಿದ ಹಾಗೆ ಮೆತ್ತಗೆ, ಆದರೆ ಬಿಚ್ಚದಂತೆ ಕಟ್ಟಿದಳು. "ಇನ್ನ ಹೆಂಗ ಹಿಡೀತಿ ನೋಡ್ತೀನಿ, ಡಾಕ್ಟರವ್ವ. ಕೈ ಮುಂದ ಚಾಚು. ಚೆಂಡು ತಾನ ಬಂದು ಬಡೀತೈತಿ, ತಾನ ಮ್ಯಾಲ ಹೋಗ್ತೈತಿ."

"ಇದೆಲ್ಲ ರೂಲ್ಸ್‌ನಲ್ಲಿ ಇದ್ಯಾ?" ಎಂದು ದ್ವಾರಕಾನಾಥ ಕೂಗಿದರು.

"ಬ್ಯಾಡ ಅಂತ ಐತೇನು?" ಎಂದಳು ಶಿವಕ್ಕ.

ಚೆಂಡು ಬಂದು ಸುಹಾಸಿನಿಯ ಕಟ್ಟಿದ ಕೈಗೆ ಬಡಿಯಿತು, ಮೇಲೆ ಹೋಯಿತು. ಕೆಳಗೆ ಬರುವಷ್ಟರಲ್ಲಿ ಲಿಂಗವ್ವ ಹಾರಿದ್ದಳು. ಆಮೇಲೆ ಆದದ್ದನ್ನು ನೋಡಿದವರು ಒಬ್ಬೊಬ್ಬರು ಒಂದೊಂದು ರೀತಿ ಹೇಳುತ್ತಾರೆ. ಚೆಂಡು ಮರಳಿನಲ್ಲಿ ಹೂತುಹೋಗಿ, ಅಗೆದು ತೆಗೆಯಲು ಮಗುವೊಂದರ ಪ್ಲಾಸ್ಟಿಕ್ ಸಲಿಕೆ ಬೇಕಾಯಿತು ಎನ್ನುವವರಿದ್ದಾರೆ. ಆ ಕುಳಿಯಲ್ಲಿ ನೀರು ಜಿನುಗಿತು ಎನ್ನುವವರೂ ಇದ್ದಾರೆ. ಅಂಕ ಬಂತು ಎನ್ನುವುದರಲ್ಲಿ ಮಾತ್ರ ಎರಡು ಮಾತಿಲ್ಲ.

ಸರ್ವ್ ಮಾಡುವ ಸರದಿ ಸುಹಾಸಿನಿಗೆ ಬಂದಾಗ ಶಿವಕ್ಕ ಬಂದು ಬಟ್ಟೆ ಬಿಚ್ಚುವಳು; ಆದಮೇಲೆ ಓಡಿ ಬಂದು ಕಟ್ಟುವಳು. ಡೆಟ್ರಾಯ್ಟಿನ ಆರು ಜನರ ಪಾಡು ಬೇರೆ. ಆರು ಜನ ಎಂದರೆ ಹನ್ನೆರಡು ಕಾಲು, ಹನ್ನೆರಡೂ ಮರಳಿನಲ್ಲಿ ಕಣಕಾಲು ತನಕ. ಸರೋವರದ ಗಾಳಿಯನ್ನು ನೋಡಿ ಲಿಂಗವ್ವ ಚೆಂಡನ್ನು ತಿರುಗಿಸದೆ ತೇಲಿಬಿಡುತ್ತಿದ್ದಳು. ಅದು ಹೊರಗೆ ಹೋಗುವಂತೆ ಹೊರಡುತ್ತಿತ್ತು. "ಬಿಡ್ರೀ, ಔಟು!" ಎಂದು ಆರೂ ಜನ ಬಿಡುತ್ತಿದ್ದರು. ಗೆರೆಯ ಹತ್ತಿರ ಹೋಗಿ ಮನಸ್ಸು ಬದಲಿಸಿ ಒಳಗೇ ಬೀಳುತ್ತಿತ್ತು. ಮುಂದಿನದನ್ನು "ನಂದು!" "ನಂದು!" ಎಂದು ಮೂವರು ಒಟ್ಟಿಗೆ ಓಡಿ ತಲೆಗೆ ತಲೆ ಕೊಡುತ್ತಿದ್ದರು. ಇಬ್ಬರಿಗೆ ಇಂಥ ತೊಂದರೆ ಇಲ್ಲ. ಒಬ್ಬಳದಲ್ಲದ್ದು ಇನ್ನೊಬ್ಬಳದು.

ಆಟ ಇಪ್ಪತ್ತೊಂದಕ್ಕೆ. ಚಿಕಾಗೋ ಹದಿನೆಂಟು, ಡೆಟ್ರಾಯ್ಟ್ ಹದಿನಾರು ಆಗಿದ್ದಾಗ ದಿಬ್ಬದ ಮೇಲೆ ಹಾರನ್ ಮೊಳಗಿತು. ಮೆರವಣಿಗೆ ಬಂದಿತ್ತು. ಸಂಗನಬಸಪ್ಪನವರು ಕೊರಳಲ್ಲಿ ಪೀಪಿ, ಹಿಂದೆ ಐವರು ವೀರರು, ದಾಪುಗಾಲಿಟ್ಟು ಇಳಿದು ಬಂದರು.

"ಒಂಬತ್ತೂವರಿಗೆ ಒಂದ್ ನಿಮಿಷ ಕಡಿಮಿ! ಹೆಂಗ?" ಎಂದು ಕೈಗಡಿಯಾರ ತೋರಿಸಿದರು.

ದ್ವಾರಕಾನಾಥ ಫೋನು ತೋರಿಸಿದರು. ಹತ್ತೂವರೆ. ಸಂಗನಬಸಪ್ಪನವರು ಫೋನು ನೋಡಿದರು, ವಾಚು ನೋಡಿದರು, ಸೂರ್ಯನನ್ನೂ ಒಮ್ಮೆ ತಪ್ಪಿತಸ್ಥನನ್ನು ನೋಡುವ ಹಾಗೆ ನೋಡಿದರು.

"ನಾನ್ ಹೇಳ್ದೆ ಅಂಕಲ್," ಎಂದ ಹಿಂದಿದ್ದ ಐವರಲ್ಲೊಬ್ಬ, ಋಷಿ ಎಂಬ ಹುಡುಗ. "ಫೋನಲ್ಲಿ ಹತ್ತೂವರೆಗೆ ರೀಚ್ ಆಗ್ತೀವಿ ಅಂತ ಬರ್ತಿತ್ತು. ನೀವು ಫೋನಿಗೆ ಗಾಡಿ ಜೋರಾಗಿ ಓಡಿಸೋ ಧೈರ್ಯ ಇಲ್ಲ ಅಂದ್ರಿ."

"ಸಂಗನಬಸಪ್ಪ, ಅಡಗಿಮನಿ ಡಬ್ಬಿ ತಂದೀನಪ," ಎಂದಳು ಶಿವಕ್ಕ. ಅವಳು ಅವರಿಗಿಂತ ನಾಲ್ಕು ವರ್ಷ ಹಿರಿಯಳು. "ಮೀಸಿ ಅದರಾಗ ಇಡ್ತೀಯೋ, ಮನಿಗೆ ತಂದ್ ಕೊಡ್ತೀಯೋ?"

ಮೀಸೆಯ ತುದಿಗಳು ಗಂಟೆಯ ಮುಳ್ಳಿನಂತೆ ಆರಕ್ಕೆ ಇಳಿದವು. ಆದರೆ ಸಂಗನಬಸಪ್ಪನವರು ನಾಯಕರಾಗಿ ಹುಟ್ಟಿದವರು. ಸೋಲನ್ನು ಒಪ್ಪಿಕೊಳ್ಳುವುದಕ್ಕಿಂತ ಸುಲಭವಾದ ದಾರಿ ಅವರಿಗೆ ಯಾವಾಗಲೂ ಸಿಗುತ್ತಿತ್ತು. ಅಂಕ ಎಷ್ಟೆಂದು ಕೇಳಿದರು. ಕೇಳಿ ಹಿಗ್ಗಿದರು.

"ಭೇಷ್ ಲಿಂಗವ್ವ! ಭೇಷ್ ಡಾಕ್ಟರವ್ವ! ಕೂಟದ ಮಾನಾ ಉಳಿಸೀರಿ. ಇನ್ನ ಸಾಕು, ಈಚಿಗೆ ಬರ್ರಿ. ಉಳಿದದ್ದು ನಾವು ಮುಗಿಸ್ತೀವಿ."

ದ್ವಾರಕಾನಾಥ ಬೆವರು ಒರೆಸಿಕೊಂಡರು. ಎದುರಿಗಿದ್ದ ಆ ಹೆಣ್ಣನ್ನು ನೋಡಿದರು, ಸಂಗನಬಸಪ್ಪನವರ ಹೊಟ್ಟೆಯನ್ನು ನೋಡಿದರು. ಮುಖ ಅರಳಿತು. "ನಮ್ದೇನೂ ಅಬ್ಜೆಕ್ಷನ್ ಇಲ್ಲ ಸಾರ್. ಬದಲಿ ಮಾಡ್ಕೊಳ್ಳಿ. ಆರೂ ಜನ ಬನ್ನಿ!"

ಪಿಕ್ನಿಕ್ಕಿನ ತಾರೀಖಿನ ಬಗ್ಗೆಯೂ ಎಂದೂ ಒಮ್ಮತಕ್ಕೆ ಬಾರದಿದ್ದ ಇಬ್ಬರು ಕ್ಯಾಪ್ಟನ್ನರು ಒಂದೇ ಉಸಿರಿನಲ್ಲಿ ಒಪ್ಪಿಬಿಟ್ಟರು. ಸಂಗನಬಸಪ್ಪನವರು ಬೆರಳೆತ್ತಿ, ಹೊರಗೆ ಬಾ ಎಂದು ಸನ್ನೆ ಮಾಡಿದರು.

ಲಿಂಗವ್ವ ಆ ಬೆರಳನ್ನು ನೋಡಿದಳು. ಹದಿಮೂರು ವರ್ಷದ ಹಿಂದೆ 'ಮುಗಿಯಿತು' ಎಂಬ ಮಾತು ಕೇಳಿದಾಗ ಅವಳು ತಲೆ ಬಗ್ಗಿಸಿ ಫ್ಲಾಸ್ಕ್ ತೆಗೆದುಕೊಂಡಿದ್ದಳು. ಈಗ ಬಗ್ಗಿದಳು, ನಿಜ. ಚೆಂಡು ಎತ್ತಿಕೊಳ್ಳಲು. ಎತ್ತಿಕೊಂಡು ಹಿಂದಿನ ಗೆರೆಗೆ ನಡೆದಳು.

"ಮರಳಾಗ ಬದಲಿ ಇಲ್ರಿ."

"ಇದು ಕೂಟದ ಟೀಮವಾ! ನಾ ಕ್ಯಾಪ್ಟನ್!"

"ಹತ್ತಕ್ಕ ಇಲ್ಲಿ ನಿಂತಾವರು ಟೀಮು. ನೀವ ಹಾಕಿದ ರೂಲು. ನೀವು ಇರಲಿಲ್ಲ. ನಾ ಬರೂದಿಲ್ಲ."

"ಡಾಕ್ಟರವ್ವ, ನೀವರೆ ತಿಳಿಸಿ ಹೇಳ್ರಿ."

ಸುಹಾಸಿನಿ ಕಟ್ಟಿದ ಕೈಗಳನ್ನು ಮೇಲೆತ್ತಿ ತೋರಿಸಿದರು. "ನನ್ ಕೈ ಕಟ್ ಹಾಕಿದಾರೆ ಸಾರ್. ನಾನೇನೂ ಮಾಡೋ ಹಾಗಿಲ್ಲ."

ಸಂಗನಬಸಪ್ಪನವರು ಅಂಕಣದೊಳಗೆ ಒಂದು ಕಾಲಿಟ್ಟರು. ಶಿವಕ್ಕ ಮಡಚುವ ಕುರ್ಚಿಯನ್ನು ಎಳೆದುಕೊಂಡು ಬಂದು, ಅವರ ಮುಂದೆ ಗೆರೆಯ ಮೇಲೆಯೇ ಹಾಕಿ ಕೂತಳು. "ಸರಕೋ ತಮ್ಮಾ. ನನಗ ಆಟ ಕಾಣವಲ್ದು."

ಸಂಗನಬಸಪ್ಪನವರು ಕಾಲು ಹಿಂದಕ್ಕೆ ತೆಗೆದರು.

ಹತ್ತೊಂಬತ್ತನೆಯ ಅಂಕಕ್ಕೆ ಲಿಂಗವ್ವ ಹಾರಿ ಇಳಿದಾಗ ಮೊಣಕಾಲೊಳಗೆ ಏನೋ ಕಟಕ್ಕೆಂದಿತು. ಅಂಕ ಬಂತು, ಆದರೆ ಅವಳು ಒಂದು ಗಳಿಗೆ ಒಂದೇ ಕಾಲಿನಲ್ಲಿ ನಿಂತಳು. ಸುಹಾಸಿನಿ ಓಡಿ ಬಂದರು. "ನಿಲ್ಲಿಸೋಣ. ಡಾಕ್ಟರಾಗಿ ಹೇಳ್ತಿದೀನಿ."

"ನೀವು ಎದಿ ಡಾಕ್ಟರು. ನನ್ನ ಎದಿ ಬರೊಬ್ಬರಿ ಐತಿ. ಕಾಲಿನ ಸುದ್ದಿ ನನಗ ಬಿಡ್ರಿ."

ಡೆಟ್ರಾಯ್ಟಿನವರು ಬಿಡಲಿಲ್ಲ. ಹತ್ತೊಂಬತ್ತು–ಹತ್ತೊಂಬತ್ತಾಯಿತು. ಗಾಳಿ ಬಲವಾಯಿತು. ದ್ವಾರಕಾನಾಥ ಒಂದು ಚೆಂಡನ್ನು ಸರೋವರಕ್ಕೇ ಕಳಿಸಿದರು. ಇಪ್ಪತ್ತು–ಹತ್ತೊಂಬತ್ತು. ಎರಡೂ ಕೂಟಗಳು, ಮೂರು ಥರದ ಚಟ್ನಿಯನ್ನು ತಟ್ಟೆಯಲ್ಲಿ ಮರೆತು, ಗೆರೆಯ ಸುತ್ತ ನಿಂತಿದ್ದವು. ಡೆಟ್ರಾಯ್ಟಿನ ಹೆಂಗಸರೂ "ಲಿಂಗವ್ವ! ಲಿಂಗವ್ವ!" ಎನ್ನುತ್ತಿದ್ದರು, ಅವರ ಗಂಡಂದಿರು ತಿರುಗಿ ನೋಡಿ, ನೋಡದವರಂತೆ ಮುಂದೆ ನೋಡಿದರು.

ಚೆಂಡು ಬಂತು. ಸುಹಾಸಿನಿ ಕಟ್ಟಿದ ಕೈ ಚಾಚಿದರು. ಅದು ಬಡಿದು ಬಲೆಯ ನೆತ್ತಿಗೆ ಎದ್ದಿತು. ಲಿಂಗವ್ವ ಓಡಿ ಬಂದಳು. ಆ ಹೊಡೆತವನ್ನು ಬೆಳಗಿನಿಂದ ಕಂಡಿದ್ದ ಆರೂ ಜನ ಹಿಂದಿನ ಗೆರೆಗೆ ಓಡಿ ತಲೆ ತಗ್ಗಿಸಿ ನಿಂತರು. ಹಾರಲು ಅವಳಿಗೆ ಕಾಲಿರಲಿಲ್ಲ. ಅವಳು ಹಾರಲಿಲ್ಲ. ನಿಂತಲ್ಲೇ ಕೈ ಚಾಚಿ, ಬೆರಳು ಮಡಚಿ, ಗೆಣ್ಣಿನಿಂದ ಚೆಂಡನ್ನು ಮೆಲ್ಲಗೆ, ಮಲಗಿದ ಮಗುವಿನ ಕೆನ್ನೆ ಮುಟ್ಟಿದ ಹಾಗೆ, ಬಲೆಯಾಚೆ ಜಾರಿಸಿದಳು. ಆರು ಜನ ಒಟ್ಟಿಗೆ ಮುಂದಕ್ಕೆ ಬಿದ್ದರು. ಆ ರಭಸಕ್ಕೆ ಮಿಷಿಗನ್ ರಾಜ್ಯ ಒಂದು ಅಂಗುಲ ಪಡುವಣಕ್ಕೆ ಸರಿಯಿತು. ಭೂಪಟದವರು ಇನ್ನೂ ತಿದ್ದಿಲ್ಲ. ಚೆಂಡು ಅವರೆಲ್ಲರ ಮುಂದೆ, ಒಂದು ಗೇಣು ದೂರದಲ್ಲಿ, ಮರಳಿನ ಮೇಲೆ ಕೂತಿತ್ತು.

ಲಿಂಗವ್ವ ಅದನ್ನೇ ನೋಡುತ್ತಾ ನಿಂತಳು. ಆಟ ಮುಗಿದದ್ದು ಅವಳಿಗೆ ಗೊತ್ತಿತ್ತು. ಈ ಸಲ ಗೊತ್ತಿತ್ತು.

ಫೋಟೋದಲ್ಲಿ ಕಪ್ಪು ಹಿಡಿದು ನಡುವೆ ನಿಂತವರು ಸಂಗನಬಸಪ್ಪನವರು. ತಮ್ಮ ನಾಯಕತ್ವದಲ್ಲಿ ಚಿಕಾಗೋ ಹೇಗೆ ಗೆದ್ದಿತು ಎಂದು ಒಂದು ಭಾಷಣವನ್ನೂ ಮಾಡಿದರು. ಮಾಡಿ, ಕುರ್ಚಿಯ ಮೇಲೆ ಕಾಲು ಚಾಚಿ, ಸೋಡಾ ಪೆಟ್ಟಿಗೆಯ ಐಸನ್ನು ರೊಟ್ಟಿಯ ಬಟ್ಟೆಯಲ್ಲಿ ಸುತ್ತಿ ಮೊಣಕಾಲಿಗೆ ಒತ್ತಿಕೊಂಡಿದ್ದ ಲಿಂಗವ್ವನ ಹತ್ತಿರ ಬಂದು ನಿಂತರು. ದನಿಯಲ್ಲಿ ಹಿರಿಯರ ಅಕ್ಕರೆ ಇತ್ತು. ಆ ಅಕ್ಕರೆಯೇ ಅವಳಿಗೆ ಹಳೆಯ ಪರಿಚಯ.

"ಆಡಿದಿ, ಗೆದ್ದಿ, ಛಲೋ ಆತು. ಆದರ ಕಾಲು ನೋಡು, ಕುಂಬಳಕಾಯಿ ಆಗೇತಿ. ನಲವತ್ತು ದಾಟೀದಿ. ಮುಂದಿನ ವರ್ಷದಿಂದ ನಿಮ್ಮ ಅತ್ತಿ ಮಗ್ಗಲ ಕುರ್ಚಿ ಹಾಕ್ಕೊಂಡು ಕುಂದ್ರು. ಸಿಟ್ಟಾಗಬ್ಯಾಡ ತಂಗಿ, ನಿನ್ನ ಟೈಮು ಮುಗೀತು."

ಲಿಂಗವ್ವ ಐಸನ್ನು ಇನ್ನೊಂದು ಬದಿಗೆ ತಿರುಗಿಸಿಕೊಂಡಳು. ಅವರ ಎಡಗೈಯ ಗಡಿಯಾರದತ್ತ ಒಮ್ಮೆ ನೋಡಿದಳು. ಅದು ಇನ್ನೂ ಹಳೆಯ ಗಂಟೆಯನ್ನೇ ತೋರಿಸುತ್ತಿತ್ತು: ಹತ್ತಕ್ಕೆ ಐದು ನಿಮಿಷ ಕಡಿಮೆ.

"ಯಾವ ಟೈಮು, ಅಂಕಲ್? ನಿಮ್ಮ ವಾಚಿನಾಗ ನೋಡ್ರಿ. ನಂದು ಇನ್ನಾ ಸುರುನ ಆಗಿಲ್ಲ."